ಹಳೆಯ ಯಂತ್ರಕ್ಕೆ ಕಣ್ಣು, ಕಿವಿ: ನಮ್ಮ ಮಿಲ್ಲುಗಳಿಗೆ ಬರುತ್ತಿರುವ ಇಂಟರ್‌ನೆಟ್ ಬಗ್ಗೆ ಸದಸ್ಯರಿಗೊಂದು ವಿವರಣೆ



ಈ ಪುಟದಲ್ಲಿ ಸಾಮಾನ್ಯವಾಗಿ ರಾಜ್ಯೋತ್ಸವ, ಚಿಪ್ಪಗಿರಿ ವಿಜಯದಾಸರ ಆರಾಧನೆ, ಶಾಲಾ ಮಕ್ಕಳ ಸ್ಪರ್ಧೆಗಳ ವಿಷಯ ಇರುತ್ತದೆ. ಈ ಸಲ ಸ್ವಲ್ಪ ಬೇರೆ ವಿಷಯ. ನಮ್ಮ ಸದಸ್ಯರಲ್ಲಿ ಹಲವರ ಮನೆ ನಡೆಯುವುದು ಆದೋನಿಯ ಜಿನ್ನಿಂಗ್ ಮಿಲ್ಲು, ಎಣ್ಣೆ ಮಿಲ್ಲುಗಳಿಂದ. ಕೆಲವರ ಮಕ್ಕಳು ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಕುಡಿತಿನಿ ಮತ್ತು ಶಕ್ತಿನಗರದ ವಿದ್ಯುತ್ ಕೇಂದ್ರಗಳ ಕಡೆ ದುಡಿಯುತ್ತಾರೆ. ಈ ಮನೆಗಳಲ್ಲೆಲ್ಲ ಇತ್ತೀಚೆಗೆ ಒಂದು ಮಾತು ಕೇಳಿಬರುತ್ತಿದೆ: ಐಐಒಟಿ. ಪೂರ್ತಿ ಹೆಸರು ‘ಇಂಡಸ್ಟ್ರಿಯಲ್ ಇಂಟರ್‌ನೆಟ್ ಆಫ್ ಥಿಂಗ್ಸ್’. ಕಾರ್ಖಾನೆಯ ಯಂತ್ರಗಳಿಗೆ ಸೆನ್ಸರ್ ಕೂರಿಸಿ, ಅವುಗಳ ಸ್ಥಿತಿಗತಿಯನ್ನು ಇಂಟರ್‌ನೆಟ್ ಮೂಲಕ ಎಲ್ಲಿಂದಲಾದರೂ ನೋಡುವ ವ್ಯವಸ್ಥೆ ಎಂದು ಸದ್ಯಕ್ಕೆ ತಿಳಿದರೆ ಸಾಕು.

ಮಿಲ್ಲಿನ ಮಾಲೀಕರು, ಇದನ್ನು ಮಾರಲು ಬರುವವರ ಮಾತು ನಂಬಬೇಕೋ ಬಿಡಬೇಕೋ ಎಂದು ಕೇಳುತ್ತಾರೆ. ಕೆಲಸಗಾರರು, ನಮ್ಮ ಕೆಲಸ ಉಳಿಯುತ್ತದೆಯೇ ಎಂದು ಕೇಳುತ್ತಾರೆ. ಐಟಿಐ, ಡಿಪ್ಲೊಮಾ ಓದುವ ಮಕ್ಕಳು, ಇದನ್ನು ಕಲಿಯಬೇಕೇ ಎಂದು ಕೇಳುತ್ತಾರೆ. ಮೂವರಿಗೂ ಅನುಕೂಲವಾಗುವಂತೆ, ತಿಳಿದವರಿಂದ ಕೇಳಿ, ಓದಿ, ಈ ಲೇಖನ ಸಿದ್ಧಪಡಿಸಿದ್ದೇನೆ.

ನಮ್ಮ ಹೊಲಕ್ಕೆ ಇದು ಆಗಲೇ ಬಂದಿದೆ

ಹೆಸರು ಕೇಳಿ ಹೆದರಬೇಕಾಗಿಲ್ಲ. ಬೋರ್‌ವೆಲ್ ಮೋಟಾರಿಗೆ ಮೊಬೈಲ್ ಸ್ಟಾರ್ಟರ್ ಹಾಕಿಸಿಕೊಂಡ ರೈತರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಸ್ಟಾರ್ಟರ್ ಡಬ್ಬಿಯೊಳಗೆ ಒಂದು ಸಿಮ್ ಕಾರ್ಡ್ ಇರುತ್ತದೆ. ಮನೆಯಿಂದ ಫೋನ್ ಮಾಡಿದರೆ ಮೋಟಾರ್ ಓಡುತ್ತದೆ. ಕರೆಂಟು ಬಂದರೆ, ಹೋದರೆ, ಮೂರರಲ್ಲಿ ಒಂದು ಫೇಸ್ ತಪ್ಪಿದರೆ, ಬಾವಿಯಲ್ಲಿ ನೀರಿಲ್ಲದೆ ಮೋಟಾರ್ ಒಣಗಿ ಓಡಿದರೆ ಫೋನಿಗೆ ತಿಳಿಸುತ್ತದೆ. ರಾತ್ರಿ ಹೊತ್ತು ಹಾವು ಚೇಳಿನ ನಡುವೆ ಹೊಲಕ್ಕೆ ಹೋಗುವುದು ತಪ್ಪಿತು. ಮೋಟಾರ್ ಸುಡುವುದೂ ಕಡಿಮೆಯಾಯಿತು.

ಈ ಡಬ್ಬಿ ಎರಡು ಬೇರೆ ಬೇರೆ ಕೆಲಸ ಮಾಡುತ್ತದೆ ಎಂಬುದನ್ನು ಗಮನಿಸಿ. ಒಂದು, ಮೋಟಾರಿನ ಸ್ಥಿತಿಯನ್ನು ನಮಗೆ ಹೇಳುವುದು. ಇನ್ನೊಂದು, ನಾವು ಹೇಳಿದಂತೆ ಮೋಟಾರನ್ನು ಓಡಿಸುವುದು. ಮೊದಲನೆಯದು ಕಣ್ಣು, ಕಿವಿ. ಎರಡನೆಯದು ಕೈ. ಮಗ ಹೊಲದಲ್ಲಿ ಪಂಪಿನ ಬಳಿ ಕೈ ಹಾಕಿರುವಾಗ ಅಪ್ಪ ಊರಿನಿಂದ ಫೋನ್ ಮಾಡಿ ಮೋಟಾರ್ ಹಾಕಿದರೆ ಏನಾಗುತ್ತದೆ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಕಾರ್ಖಾನೆಯ ವಿಷಯದಲ್ಲೂ ಎಚ್ಚರಿಕೆ ಇಲ್ಲಿಂದಲೇ ಆರಂಭವಾಗುತ್ತದೆ.

ನಿಯಂತ್ರಣ ವ್ಯವಸ್ಥೆ ನಡೆದುಬಂದ ದಾರಿ

ಹಿಂದೆ ಕಾರ್ಖಾನೆಗಳಲ್ಲಿ ರಿಲೇ ಪ್ಯಾನೆಲ್ ಇರುತ್ತಿತ್ತು. ಬೀರುವಿನಂಥ ಡಬ್ಬಿಯೊಳಗೆ ನೂರಾರು ರಿಲೇಗಳು, ನೂರಾರು ತಂತಿಗಳು. ‘ಈ ಮೋಟಾರ್ ಓಡಿದ ಮೇಲೇ ಆ ಬೆಲ್ಟು ಓಡಬೇಕು’ ಎಂಬ ನಿಯಮವನ್ನು ತಂತಿ ಜೋಡಿಸಿಯೇ ಮಾಡಬೇಕಿತ್ತು. ನಿಯಮ ಬದಲಿಸಬೇಕಾದರೆ ತಂತಿಗಳನ್ನೆಲ್ಲ ಬಿಚ್ಚಿ ಮತ್ತೆ ಕಟ್ಟಬೇಕು. ಅಮೆರಿಕದ ಜನರಲ್ ಮೋಟಾರ್ಸ್ ಕಂಪನಿಗೆ ಇದು ದೊಡ್ಡ ತಲೆನೋವಾಗಿತ್ತು. 1968ರಲ್ಲಿ ಅವರು, ರಿಲೇಗಳ ಬದಲಿಗೆ ಬೇರೆ ಏನಾದರೂ ಮಾಡಿಕೊಡಿ ಎಂದು ಕೇಳಿದಾಗ ಡಿಕ್ ಮಾರ್ಲಿ ಮತ್ತು ಸಂಗಡಿಗರು ‘ಮೋಡಿಕಾನ್ 084’ ಎಂಬ ಪೆಟ್ಟಿಗೆ ರೂಪಿಸಿದರು. ಪ್ರೋಗ್ರಾಮೆಬಲ್ ಲಾಜಿಕ್ ಕಂಟ್ರೋಲರ್, ಅಂದರೆ ಪಿಎಲ್‌ಸಿಗಳ ಪರಂಪರೆ ಶುರುವಾದದ್ದು ಹೀಗೆ. ತಂತಿ ಬಿಚ್ಚದೆ, ಒಳಗಿನ ಬರಹ ಬದಲಿಸಿದರೆ ಸಾಕು, ಯಂತ್ರದ ನಡೆ ಬದಲಾಗುತ್ತದೆ.

ಆಮೇಲೆ ಹತ್ತಾರು ಪಿಎಲ್‌ಸಿಗಳನ್ನು ಒಂದೇ ಕೋಣೆಯಲ್ಲಿ ಕುಳಿತು ನೋಡುವ ಸ್ಕಾಡಾ ವ್ಯವಸ್ಥೆ ಬಂತು. ಉಕ್ಕು, ವಿದ್ಯುತ್ ಕಾರ್ಖಾನೆಗಳಲ್ಲಿ ದೊಡ್ಡ ಕಂಟ್ರೋಲ್ ರೂಮುಗಳಾದವು. ವಿದ್ಯುತ್ ಕೇಂದ್ರಗಳಿಗೆ ಬೇಕಾದ ಇಂಥ ನಿಯಂತ್ರಣ ವ್ಯವಸ್ಥೆಗಳನ್ನು ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಬಿಎಚ್‌ಇಎಲ್‌ನ ಎಲೆಕ್ಟ್ರಾನಿಕ್ಸ್ ವಿಭಾಗವೇ ತಯಾರಿಸುತ್ತದೆ. ಆದರೆ ಇದೆಲ್ಲ ಒಂದು ಕಾಂಪೌಂಡಿನ ಒಳಗಿನ ವ್ಯವಹಾರ. ಹೊರಗಿನ ಜಾಲಕ್ಕೆ ಸಂಬಂಧವಿರಲಿಲ್ಲ. ಖರ್ಚೂ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ತಾಳುವಂಥದ್ದು.

ಈಗ ಸೆನ್ಸರ್ ಅಗ್ಗವಾಗಿದೆ, ಮೊಬೈಲ್ ಜಾಲ ಹಳ್ಳಿಗೂ ಬಂದಿದೆ. ಹೀಗಾಗಿ ಕಂಟ್ರೋಲ್ ರೂಮ್ ಇಲ್ಲದ ಸಣ್ಣ ಮಿಲ್ಲೂ ತನ್ನ ಯಂತ್ರದ ಅಳತೆಗಳನ್ನು ಪಡೆಯುವಂತಾಗಿದೆ. ಹೊಸದೆಂದರೆ ಇದೇ. ಹಳೆಯ ಯಂತ್ರವನ್ನು ಗುಜರಿಗೆ ಹಾಕಬೇಕಾಗಿಲ್ಲ. ಇರುವ ಯಂತ್ರದ ಮೇಲೆಯೇ ಕಣ್ಣು, ಕಿವಿ ಕೂರಿಸಬಹುದು.

ಸುದ್ದಿ ಹೇಗೆ ಸಾಗುತ್ತದೆ?

ನಾಲ್ಕು ಮೆಟ್ಟಿಲು ನೆನಪಿಟ್ಟುಕೊಂಡರೆ ಸಾಕು. ಮೊದಲನೆಯದು ಸೆನ್ಸರ್: ಬಿಸಿ, ಒತ್ತಡ, ಅದುರು, ಕರೆಂಟು, ತೇವ ಇವುಗಳನ್ನು ಅಳೆಯುವುದು. ಎರಡನೆಯದು ಗೇಟ್‌ವೇ: ಎಲ್ಲ ಸೆನ್ಸರುಗಳ ಲೆಕ್ಕ ಒಟ್ಟುಗೂಡಿಸುವ ಸಣ್ಣ ಪೆಟ್ಟಿಗೆ. ಮೂರನೆಯದು ಸಂದೇಶ ಸಾಗಿಸುವ ಜಾಲ. ನಾಲ್ಕನೆಯದು ಅದನ್ನು ಇಟ್ಟುಕೊಂಡು ತೋರಿಸುವ ಕಂಪ್ಯೂಟರ್. ಇದು ಮಿಲ್ಲಿನ ಆಫೀಸಿನಲ್ಲೂ ಇರಬಹುದು, ‘ಕ್ಲೌಡ್’ ಎನ್ನುವ ದೂರದ ಬಾಡಿಗೆ ಕಂಪ್ಯೂಟರಿನಲ್ಲೂ ಇರಬಹುದು.

ಇದರಲ್ಲಿ ನನಗೆ ಬಹಳ ಹಿಡಿಸಿದ ಎರಡು ಸಂಗತಿ ಹೇಳುತ್ತೇನೆ. ಕಾರ್ಖಾನೆಯ ಸೆನ್ಸರುಗಳು ಬಹುಕಾಲದಿಂದ 4 ರಿಂದ 20 ಮಿಲಿಆಂಪಿಯರ್ ಕರೆಂಟಿನ ಮೂಲಕ ಅಳತೆ ಕಳಿಸುತ್ತವೆ. ಅಳತೆ ಸೊನ್ನೆಯಾದರೆ 4, ಪೂರ್ತಿಯಾದರೆ 20. ಸೊನ್ನೆಗೆ ಸೊನ್ನೆಯನ್ನೇ ಏಕೆ ಕಳಿಸಬಾರದು? ಏಕೆಂದರೆ ತಂತಿ ಕಡಿದುಹೋದರೂ ಸೊನ್ನೆಯೇ ಬರುತ್ತದೆ. 4 ಬಂದರೆ ‘ಅಳತೆ ಸೊನ್ನೆ, ನಾನು ಚೆನ್ನಾಗಿದ್ದೇನೆ’ ಎಂದರ್ಥ. ಏನೂ ಬರದಿದ್ದರೆ ‘ನನಗೇ ಏನೋ ಆಗಿದೆ’ ಎಂದರ್ಥ. ಕಚೇರಿ ರಿಜಿಸ್ಟರಿನಲ್ಲಿ ‘ಇಲ್ಲ’ ಎಂದು ಬರೆಯುವುದಕ್ಕೂ ಕಾಲಂ ಖಾಲಿ ಬಿಡುವುದಕ್ಕೂ ಇರುವ ವ್ಯತ್ಯಾಸ ಇದೇ. ಗುಮಾಸ್ತಿಕೆ ಮಾಡಿದವರಿಗೆ ಇದು ತಟ್ಟನೆ ಅರ್ಥವಾಗುತ್ತದೆ.

ಎರಡನೆಯದು ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿ. ಇದನ್ನು 1999ರಲ್ಲಿ ಆಂಡಿ ಸ್ಟ್ಯಾನ್‌ಫರ್ಡ್-ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಎಂಬಿಬ್ಬರು ರೂಪಿಸಿದರು. ಮರುಭೂಮಿಯಲ್ಲಿ ಹಾದುಹೋಗುವ ತೈಲ ಕೊಳವೆಗಳ ಅಳತೆಯನ್ನು ಉಪಗ್ರಹದ ಮೂಲಕ ತರಿಸಬೇಕಿತ್ತು. ಉಪಗ್ರಹದ ಸಂಪರ್ಕ ದುಬಾರಿ, ಆಗಾಗ ಕಡಿದುಹೋಗುವುದೂ ಉಂಟು. ಹಾಗಾಗಿ ಸಂದೇಶ ಚಿಕ್ಕದಿರಬೇಕು, ಸಂಪರ್ಕ ಹೋದದ್ದೂ ತಿಳಿಯಬೇಕು. ಪ್ರತಿ ಸಾಧನವೂ ಜಾಲಕ್ಕೆ ಸೇರುವಾಗಲೇ ‘ಲಾಸ್ಟ್ ವಿಲ್’, ಅಂದರೆ ಉಯಿಲು ಬರೆದಿಡುವ ಸೌಲಭ್ಯ ಇದರಲ್ಲಿದೆ. ಸಾಧನ ಇದ್ದಕ್ಕಿದ್ದಂತೆ ಮೌನವಾದರೆ ಆ ಉಯಿಲನ್ನು ಸಂಬಂಧಪಟ್ಟವರಿಗೆಲ್ಲ ಓದಿ ಹೇಳಲಾಗುತ್ತದೆ. ಒಮ್ಮೆ ಸಿಗ್ನಲ್ ಇದ್ದು ಒಮ್ಮೆ ಇಲ್ಲದ ನಮ್ಮ ಊರುಗಳಿಗೆ ಇಂಥದ್ದೇ ಬೇಕು. ಯಾವ ವ್ಯವಸ್ಥೆಯೇ ಆಗಲಿ, ಸುದ್ದಿ ಬರದೆ ಇರುವುದನ್ನು ‘ಎಲ್ಲ ಸರಿ’ ಎಂದು ತೋರಿಸಬಾರದು.

ಜಿನ್ನಿಂಗ್ ಮಿಲ್ಲಿನಲ್ಲಿ ಎಲ್ಲೆಲ್ಲಿ ಉಪಯೋಗ?

ಆದೋನಿಯ ಹತ್ತಿ ಮಾರುಕಟ್ಟೆಗೆ ಬರುವ ಹತ್ತಿ ಆಂಧ್ರದ್ದೋ ಕರ್ನಾಟಕದ್ದೋ ಎಂದು ನೋಡಿ ಹೇಳಲಾಗದು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯವಾದಾಗ ಬಳ್ಳಾರಿ ಜಿಲ್ಲೆಯಿಂದ ಆದೋನಿ, ಆಲೂರು, ರಾಯದುರ್ಗ ತಾಲೂಕುಗಳು ಈ ಕಡೆಗೆ ಬಂದವು. ಗೆರೆ ಬಿತ್ತು, ಬೆಳೆ ಒಂದೇ ಉಳಿಯಿತು. ರಾಯಚೂರಿನ ಮಿಲ್ಲುಗಳೂ ಇಲ್ಲಿಯ ಮಿಲ್ಲುಗಳೂ ಅದೇ ಹತ್ತಿಗಾಗಿ ಪೈಪೋಟಿ ಮಾಡುತ್ತವೆ. 2000ದಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಹತ್ತಿ ತಂತ್ರಜ್ಞಾನ ಮಿಷನ್‌ನ ಒಂದು ಭಾಗ ಜಿನ್ನಿಂಗ್, ಪ್ರೆಸ್ಸಿಂಗ್ ಕಾರ್ಖಾನೆಗಳ ಆಧುನೀಕರಣಕ್ಕೇ ಮೀಸಲಾಗಿತ್ತು. ತಲೆಹೊರೆಯ ಬದಲು ಕನ್ವೇಯರ್, ಕೈಯಿಂದ ತುಂಬುವ ಬದಲು ಆಟೋ ಫೀಡರ್ ಬಂದದ್ದು ಆ ಕಾಲದ ಬದಲಾವಣೆ. ಈಗಿನದು ಅದರ ಮುಂದಿನ ಹೆಜ್ಜೆ.

ಮೊದಲು ತೇವಾಂಶ. ಹತ್ತಿ ನಿಗಮದವರು ಬೆಂಬಲ ಬೆಲೆಗೆ ಕೊಳ್ಳುವಾಗ ತೇವ 12 ಪ್ರತಿಶತ ದಾಟಬಾರದು ಎನ್ನುತ್ತಾರೆ. 8ಕ್ಕಿಂತ ಹೆಚ್ಚಾದಷ್ಟೂ ಬೆಲೆ ಇಳಿಯುತ್ತದೆ. ಇದು ರೈತರಿಗೆಲ್ಲ ಗೊತ್ತು. ಮಿಲ್ಲಿನ ಒಳಗೂ ತೇವ ಅಷ್ಟೇ ಮುಖ್ಯ. ತೀರ ಒಣಗಿದ ಹತ್ತಿಯ ಎಳೆ ಜಿನ್ನಿನಲ್ಲಿ ತುಂಡಾಗುತ್ತದೆ. ತೇವ ಹೆಚ್ಚಿದ್ದರೆ ಕಾಳಿನಿಂದ ಅರಳೆ ಬಿಡುವುದಿಲ್ಲ, ಬೇಲಿನೊಳಗೆ ಬಣ್ಣ ಕೆಡುತ್ತದೆ. ರಾಶಿಗೊಮ್ಮೆ ಮೀಟರ್ ಚುಚ್ಚಿ ನೋಡುವ ಬದಲು, ಹತ್ತಿ ಸಾಗುವ ದಾರಿಯಲ್ಲೇ ನಿರಂತರವಾಗಿ ಅಳೆದರೆ ನೀರು ಚಿಮುಕಿಸಬೇಕೋ ಬಿಸಿಲಿಗೆ ಹರಡಬೇಕೋ ಎಂಬುದು ಸಮಯಕ್ಕೆ ಸರಿಯಾಗಿ ತಿಳಿಯುತ್ತದೆ.

ಎರಡನೆಯದು ಜಿನ್ನಿನ ಮೋಟಾರ್ ಎಳೆಯುವ ಕರೆಂಟು. ಡಬಲ್ ರೋಲರ್ ಜಿನ್ನಿನಲ್ಲಿ ಚರ್ಮದ ರೋಲರ್ ಮತ್ತು ಅಲುಗಾಡದ ಚಾಕುವಿನ ನಡುವೆ ಅರಳೆ ಎಳೆಯಲ್ಪಡುತ್ತದೆ. ಅಲುಗಾಡುವ ಚಾಕು ಕಾಳನ್ನು ಬಡಿದು ಬೇರ್ಪಡಿಸುತ್ತದೆ. ಹತ್ತಿ ಹೆಚ್ಚು ಬಿದ್ದರೆ ಕರೆಂಟು ಏರುತ್ತದೆ, ಖಾಲಿ ತಿರುಗಿದರೆ ಇಳಿಯುತ್ತದೆ. ಹೊಸ ಆಟೋ ಫೀಡರುಗಳು ಈ ಕರೆಂಟು ನೋಡಿಕೊಂಡೇ ಹತ್ತಿ ಬಿಡುತ್ತವೆ. ಹಳೆಯ ಜಿನ್ನುಗಳ ತಂತಿಗೂ ಬಳೆಯಂಥ ಒಂದು ಸೆನ್ಸರ್ ತೊಡಿಸಿ, ಯಾವ ಜಿನ್ನು ಎಷ್ಟು ಹೊತ್ತು ಸುಮ್ಮನೆ ತಿರುಗಿತು, ಯಾವುದು ಏದುಸಿರು ಬಿಡುತ್ತಿದೆ ಎಂದು ತಿಳಿಯಬಹುದು. ಒಂದು ಫೇಸ್ ಹೋದ ಕೂಡಲೇ ಎಚ್ಚರಿಸುವುದೂ ಇದರಿಂದ ಸಾಧ್ಯ. ಇದಕ್ಕೆ ತಂತಿ ಕತ್ತರಿಸಬೇಕಾಗಿಲ್ಲ, ಯಂತ್ರ ಬಿಚ್ಚಬೇಕಾಗಿಲ್ಲ.

ಮೂರನೆಯದು ಬೇರಿಂಗ್. ಬೇರಿಂಗ್ ಕೆಡುವ ಮುನ್ನ ಅದುರುತ್ತದೆ, ಬಿಸಿಯಾಗುತ್ತದೆ, ಆಮೇಲೆ ಸದ್ದು ಮಾಡುತ್ತದೆ. ಅನುಭವಿ ಫಿಟ್ಟರಿಗೆ ಸದ್ದಿನಿಂದಲೇ ತಿಳಿಯುತ್ತದೆ. ಆದರೆ ಸಾಲು ಸಾಲು ಜಿನ್ನುಗಳು ಒಟ್ಟಿಗೆ ಓಡುವಾಗ, ಅದೂ ರಾತ್ರಿ ಪಾಳಿಯಲ್ಲಿ, ಯಾವುದರ ಸದ್ದು ಎಂದು ಹುಡುಕುವುದು ಕಷ್ಟ. ಅದುರು, ಬಿಸಿ ಅಳೆಯುವ ಸೆನ್ಸರ್ ಅದನ್ನು ಮುಂಚೆಯೇ ಗುರುತಿಸಿ, ಪಾಳಿ ಮುಗಿದ ಮೇಲೆ ಬೇರಿಂಗ್ ಬದಲಿಸಲು ಅವಕಾಶ ಕೊಡುತ್ತದೆ. ಸುಗ್ಗಿಯಲ್ಲಿ ಗೇಟಿನ ಹೊರಗೆ ಲಾರಿಗಳು ನಿಂತಿರುವಾಗ ಒಂದು ದಿನ ಮಿಲ್ಲು ನಿಂತರೆ ಏನು ನಷ್ಟ ಎಂದು ಮಾಲೀಕರಿಗೆ ಗೊತ್ತು. ದಿನಗೂಲಿಯ ಹಮಾಲರಿಗೆ ಇನ್ನೂ ಚೆನ್ನಾಗಿ ಗೊತ್ತು.

ನಾಲ್ಕನೆಯದು, ಎಲ್ಲಕ್ಕಿಂತ ದೊಡ್ಡದು, ಬೆಂಕಿ. ಹತ್ತಿಯ ಜೊತೆ ಬಂದ ಕಲ್ಲೋ ಕಬ್ಬಿಣದ ಚೂರೋ ತಿರುಗುವ ಭಾಗಕ್ಕೆ ತಗುಲಿ ಕಿಡಿ ಹಾರುತ್ತದೆ. ಕಾದ ಬೇರಿಂಗಿನ ಮೇಲೆ ಹತ್ತಿಯ ಧೂಳು ಕೂತಿರುತ್ತದೆ. ಹತ್ತಿಯ ಬೆಂಕಿ ಕೂಡಲೇ ಉರಿಯದೆ ಒಳಗೊಳಗೇ ಕೆಂಡವಾಗಿರಬಲ್ಲದು. ಸುಮಾರು 170 ಕಿಲೋ ತೂಕದ, ಬಿಗಿಯಾಗಿ ಒತ್ತಿದ ಬೇಲಿನೊಳಗೆ ಹೊಕ್ಕ ಕಿಡಿ ದಿನಗಳ ಮೇಲೆ ಗೋದಾಮಿನಲ್ಲಿ ಹೊತ್ತಿಕೊಳ್ಳಬಹುದು. ಹತ್ತಿ ಸಾಗುವ ಕೊಳವೆಗಳಲ್ಲಿ ಕಿಡಿಯನ್ನು ಕ್ಷಣಾರ್ಧದಲ್ಲಿ ಗುರುತಿಸುವ ಸೆನ್ಸರುಗಳಿವೆ. ಗೋದಾಮಿನಲ್ಲಿ ಬಿಸಿ ನೋಡುವ ಸೆನ್ಸರುಗಳಿವೆ. ದುಡ್ಡು ಸ್ವಲ್ಪವೇ ಇದ್ದರೆ ಮೊದಲು ಇಲ್ಲಿಗೆ ಹಾಕುವುದು ಜಾಣತನ.

ಎಣ್ಣೆ ಮಿಲ್ಲುಗಳಲ್ಲೂ ಹೀಗೆಯೇ: ಎಕ್ಸ್‌ಪೆಲ್ಲರಿನ ಕರೆಂಟು, ಬಾಯ್ಲರಿನ ಒತ್ತಡ ಮತ್ತು ನೀರಿನ ಮಟ್ಟ, ಬೇರಿಂಗಿನ ಬಿಸಿ. ಯಾವ ಮಿಲ್ಲಿನಲ್ಲೇ ಆಗಲಿ, ಮೊದಲ ಕೆಲವು ವಾರ ಏನನ್ನೂ ಬದಲಿಸದೆ ಸುಮ್ಮನೆ ಅಳತೆ ಬರೆದಿಟ್ಟುಕೊಳ್ಳಬೇಕು. ಆ ಯಂತ್ರಕ್ಕೆ ಸಹಜವಾದದ್ದು ಎಷ್ಟು ಎಂದು ತಿಳಿಯದೆ ಅಸಹಜ ಯಾವುದು ಎಂದು ಹೇಳಲಾಗದು.

ಒಂದು ಮಾತು ಮರೆಯಬಾರದು. ಸೆನ್ಸರ್ ಕೂರಿಸಿದ ಮಾತ್ರಕ್ಕೆ ಕಬ್ಬಿಣ ಗಟ್ಟಿಯಾಗುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳಲ್ಲಿ 19ನೆಯದು ಚೈನ್ ಕಡಿದು ಕೊಚ್ಚಿಹೋದದ್ದನ್ನು, ತುಂಬಿದ ಜಲಾಶಯದ ನೀರು ಹರಿದುಹೋದದ್ದನ್ನು ಕೆಳಮಟ್ಟದ ಕಾಲುವೆಯ ನೀರು ನಂಬಿದ ನಾವು ಮರೆಯಲು ಸಾಧ್ಯವಿಲ್ಲ. ಹಳೆಯ ಕಬ್ಬಿಣಕ್ಕೆ ಮೊದಲು ಬೇಕಾದದ್ದು ಪರೀಕ್ಷೆ, ಗ್ರೀಸು, ಸಮಯಕ್ಕೆ ಬದಲಾವಣೆ. ಸೆನ್ಸರ್ ಅದನ್ನು ನೆನಪಿಸಬಲ್ಲದು, ಅದರ ಬದಲಿಗೆ ನಿಲ್ಲಲಾರದು.

ನೋಡುವುದು ಬೇರೆ, ನಡೆಸುವುದು ಬೇರೆ

ಮೊಬೈಲ್ ಸ್ಟಾರ್ಟರಿನ ಮಾತಿಗೆ ಬರೋಣ. ಕಣ್ಣು, ಕಿವಿ ಕೊಡುವುದರಲ್ಲಿ ಅಪಾಯ ಕಡಿಮೆ. ಸೆನ್ಸರ್ ಕೆಟ್ಟರೂ ಮಿಲ್ಲು ಹಿಂದಿನಂತೆ ನಡೆಯುತ್ತದೆ. ಕೈ ಕೊಡುವುದರಲ್ಲಿ, ಅಂದರೆ ಫೋನಿನಿಂದ ಯಂತ್ರ ಚಾಲೂ ಮಾಡುವುದರಲ್ಲಿ, ಅಪಾಯ ಬಹಳ. ಜಿನ್ನಿನೊಳಗೆ ಸಿಕ್ಕ ಹತ್ತಿ ತೆಗೆಯಲು ಕೈ ಹಾಕಿದವನನ್ನು ದೂರದ ಫೋನು ನೋಡಲಾರದು.

ಆದ್ದರಿಂದ ಮೊದಲ ಹಂತದಲ್ಲಿ ಅಳತೆ ಹೊರಗೆ ಹೋಗಲಿ, ಆಜ್ಞೆ ಒಳಗೆ ಬರುವುದು ಬೇಡ. ಯಂತ್ರ ಚಾಲೂ ಮಾಡುವ ಗುಂಡಿ ಯಂತ್ರದ ಹತ್ತಿರವೇ ಇರಲಿ. ತುರ್ತಾಗಿ ನಿಲ್ಲಿಸುವ ಕೆಂಪು ಗುಂಡಿ ಮತ್ತು ಹಗ್ಗ ನೇರ ತಂತಿಯಲ್ಲೇ ಕೆಲಸ ಮಾಡಲಿ. ಇಂಟರ್‌ನೆಟ್ ಇದ್ದರೂ ಇಲ್ಲದಿದ್ದರೂ ಅದು ನಿಲ್ಲಿಸಬೇಕು. ರಿಪೇರಿ ಮಾಡುವವನು ಮೇನ್ ಸ್ವಿಚ್ಚಿಗೆ ಬೀಗ ಹಾಕಿ ಬೀಗದ ಕೈ ತನ್ನ ಜೇಬಿನಲ್ಲೇ ಇಟ್ಟುಕೊಳ್ಳುವ ಪದ್ಧತಿ ಹಳೆಯದು. ಯಾವ ಹೊಸ ವ್ಯವಸ್ಥೆ ಬಂದರೂ ಅದು ಮುಂದುವರಿಯಬೇಕು.

ಪರದೆ ಯಾರ ಭಾಷೆಯಲ್ಲಿ ಮಾತಾಡಬೇಕು?

ಸಂಘದ ಪತ್ರಿಕೆಯಲ್ಲಿ ಈ ವಿಷಯ ಬರೆಯಲು ಮುಖ್ಯ ಕಾರಣವೇ ಇದು. ಎಚ್ಚರಿಕೆ ಕೊಡುವ ಪರದೆ ಇಂಗ್ಲಿಷಿನಲ್ಲಿರುತ್ತದೆ. ಅದರ ಮುಂದೆ ನಿಂತಿರುವವರು ಕನ್ನಡ ಶಾಲೆಯಲ್ಲೋ ತೆಲುಗು ಶಾಲೆಯಲ್ಲೋ ಏಳನೆಯ ತರಗತಿ ಓದಿದವರು. ಈಚೆಗೆ ಹಿಂದಿ, ಒಡಿಯಾ ಆಡುವ ಕೆಲಸಗಾರರೂ ಇದ್ದಾರೆ. ‘ಬೇರಿಂಗ್ ಟೆಂಪರೇಚರ್ ಹೈ’ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಮೂಡಿದರೆ ಅದು ಅವರಿಗೆ ಬರೀ ಕೆಂಪು ದೀಪ. ಏನೆಂದು ತಿಳಿಯದೆ ಸೂಪರ್‌ವೈಸರನ್ನು ಹುಡುಕಿಕೊಂಡು ಹೋಗುತ್ತಾರೆ. ಬೆಂಕಿಯ ವಿಷಯದಲ್ಲಿ ಆ ಎರಡು ನಿಮಿಷವೇ ಎಲ್ಲವೂ.

‘5ನೇ ಜಿನ್ನು, ಬಲಗಡೆ ಬೇರಿಂಗ್ ಕಾದಿದೆ, ನಿಲ್ಲಿಸಿ’ ಎಂದು ಅವರ ಲಿಪಿಯಲ್ಲೇ ಬರೆಯಲು ದೊಡ್ಡ ವಿದ್ಯೆಯೇನೂ ಬೇಡ. ಯೂನಿಕೋಡ್ ಅಕ್ಷರ ತೋರಿಸುವ, ಭಾಷೆ ಬದಲಿಸುವ ಸೌಲಭ್ಯವಿರುವ ಪ್ಯಾನೆಲ್‌ಗಳು ಸಿಗುತ್ತವೆ. ಆದರೆ ಕೆಲವು ಪ್ಯಾನೆಲ್‌ಗಳಲ್ಲಿ ಕನ್ನಡದ, ತೆಲುಗಿನ ಒತ್ತಕ್ಷರಗಳು ಬಿಡಿಬಿಡಿಯಾಗಿ ಮೂಡುತ್ತವೆ. ಕೊಳ್ಳುವ ಮುನ್ನ ‘ಎಚ್ಚರಿಕೆ’ ಎಂಬ ಒಂದೇ ಪದ ಬರೆಸಿ ನೋಡಿದರೆ ಸಾಕು, ಗೊತ್ತಾಗುತ್ತದೆ. ಅಕ್ಷರ ಓದದವರಿಗಾಗಿ ಚಿತ್ರ, ಬಣ್ಣ, ಧ್ವನಿಮುದ್ರಿತ ಮಾತು ಇಡಬಹುದು. ರೈಲ್ವೆ ಸ್ಟೇಷನ್ನಿನಲ್ಲಿ ಹಲವು ಭಾಷೆಯ ಪ್ರಕಟಣೆ ಕೇಳುವ ನಮಗೆ ಇದು ಹೊಸದಲ್ಲ.

ಭಾಷೆಯಷ್ಟೇ ಮುಖ್ಯವಾದದ್ದು ಎಚ್ಚರಿಕೆಗಳ ಸಂಖ್ಯೆ. 1994ರ ಜುಲೈ 24ರಂದು ಬ್ರಿಟನ್ನಿನ ಮಿಲ್ಫೋರ್ಡ್ ಹೇವನ್‌ನ ತೈಲ ಶುದ್ಧೀಕರಣ ಕಾರ್ಖಾನೆಯಲ್ಲಿ ಸ್ಫೋಟವಾಯಿತು. ಅದಕ್ಕೆ ಮುಂಚಿನ 11 ನಿಮಿಷಗಳಲ್ಲಿ ಅಲ್ಲಿದ್ದ ಇಬ್ಬರು ಆಪರೇಟರುಗಳ ಮುಂದೆ 275 ಎಚ್ಚರಿಕೆಗಳು ಬಂದಿದ್ದವು ಎಂದು ತನಿಖೆ ಹೇಳಿತು. ಯಾವ ಮನುಷ್ಯ ಅಷ್ಟನ್ನು ಓದಿ ಕ್ರಮ ಕೈಗೊಳ್ಳಬಲ್ಲ? ಎಲ್ಲದಕ್ಕೂ ಗಂಟೆ ಬಾರಿಸಿದರೆ ಯಾವ ಗಂಟೆಯೂ ಕೇಳಿಸುವುದಿಲ್ಲ. ಯಾವುದಕ್ಕೆ ಗಂಟೆ, ಯಾವುದಕ್ಕೆ ಬರೀ ದಾಖಲೆ ಎಂಬುದನ್ನು ಮಾರುವ ಕಂಪನಿಯವರೊಬ್ಬರೇ ತೀರ್ಮಾನಿಸಬಾರದು. ಆ ಯಂತ್ರದ ಬಳಿ ಹತ್ತು ಹದಿನೈದು ಸುಗ್ಗಿ ಕಳೆದವರನ್ನು ಕೂರಿಸಿಕೊಂಡು, ಅವರ ಭಾಷೆಯಲ್ಲಿ ಕೇಳಿ ತೀರ್ಮಾನಿಸಬೇಕು.

ಬಾಗಿಲಿಗೆ ಬೀಗ

ಜಾಲಕ್ಕೆ ಸೇರುವುದೆಂದರೆ ಬೀದಿಗೆ ಬಾಗಿಲು ತೆರೆಯುವುದು. 2010ರಲ್ಲಿ ಬೆಳಕಿಗೆ ಬಂದ ‘ಸ್ಟಕ್ಸ್‌ನೆಟ್’ ಎಂಬ ದುಷ್ಟ ಪ್ರೋಗ್ರಾಂ ಇರಾನಿನ ನತಾಂಜ್ ಅಣು ಘಟಕದ ಪಿಎಲ್‌ಸಿಗಳನ್ನು ಹೊಕ್ಕು, ಪರದೆಯಲ್ಲಿ ಎಲ್ಲ ಸರಿ ಎಂದು ತೋರಿಸುತ್ತಲೇ ಯಂತ್ರಗಳನ್ನು ಹಾಳುಮಾಡಿತು. ಇಂಟರ್‌ನೆಟ್ ಇಲ್ಲದ ಕಂಪ್ಯೂಟರಿಗೂ ಪೆನ್‌ಡ್ರೈವ್ ಮೂಲಕ ಹರಡಬಲ್ಲ ಪ್ರೋಗ್ರಾಂ ಅದು. ಅದು ದೇಶ ದೇಶಗಳ ಜಗಳ, ನಮಗೇನು ಎನ್ನಬಹುದು. ಹಾಗಾದರೆ ಇನ್ನೊಂದು ಕೇಳಿ.

2019ರ ಮಾರ್ಚ್‌ನಲ್ಲಿ ನಾರ್ವೆಯ ‘ನಾರ್ಸ್ಕ್ ಹೈಡ್ರೋ’ ಎಂಬ ಅಲ್ಯೂಮಿನಿಯಂ ಕಂಪನಿಯ ಕಂಪ್ಯೂಟರುಗಳನ್ನು ದುಡ್ಡಿಗಾಗಿ ಬೀಗ ಹಾಕುವ ಕಳ್ಳರು ಹಿಡಿದಿಟ್ಟರು. ಸುಮಾರು 35,000 ನೌಕರರ ಕಂಪನಿ ಅದು. ಅವರು ಕಳ್ಳರಿಗೆ ಹಣ ಕೊಡಲಿಲ್ಲ. ಪೆನ್ನು, ಕಾಗದ ಹಿಡಿದರು, ಆದಷ್ಟು ಘಟಕಗಳನ್ನು ಕೈಯಿಂದಲೇ ನಡೆಸಿದರು. ಹಳೆಯ ಕಾಗದದ ಪದ್ಧತಿ ಗೊತ್ತಿದ್ದ ನಿವೃತ್ತ ನೌಕರರು ತಾವಾಗಿಯೇ ಸಹಾಯಕ್ಕೆ ಬಂದರು ಎಂದು ಆಗ ವರದಿಯಾಯಿತು. ನನ್ನಂಥ ನಿವೃತ್ತರಿಗೆ ಇದನ್ನು ಓದಿ ಸಂತೋಷವಾದದ್ದು ನಿಜ. ಆದರೆ ಪಾಠ ಎಲ್ಲರಿಗೂ ಇದೆ. ಕಂಪ್ಯೂಟರ್ ನಿಂತರೂ ಮಿಲ್ಲು ನಡೆಸುವ ವಿಧಾನ ಒಂದು ಕಾಗದದ ಮೇಲೆ ಬರೆದು ಗೋಡೆಗೆ ಹಾಕಿರಬೇಕು. ವರ್ಷಕ್ಕೊಮ್ಮೆಯಾದರೂ ಹಾಗೆ ನಡೆಸಿ ನೋಡಿರಬೇಕು.

ಸಣ್ಣ ಮಿಲ್ಲಿಗೆ ಬೇಕಾದ ಬೀಗಗಳು ಸರಳವಾಗಿವೆ. ಪೆಟ್ಟಿಗೆಯ ಜೊತೆ ಬಂದ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ. ಆಫೀಸಿನ ವೈಫೈ ಬೇರೆ, ಯಂತ್ರಗಳ ಜಾಲ ಬೇರೆ ಇರಲಿ. ಸಿಕ್ಕ ಪೆನ್‌ಡ್ರೈವ್ ಚುಚ್ಚಬೇಡಿ. ಪಿಎಲ್‌ಸಿಯ ಪ್ರೋಗ್ರಾಂ ಪ್ರತಿಯೊಂದನ್ನು ಜಾಲದಿಂದ ಹೊರಗೆ, ಬೀರುವಿನಲ್ಲಿ ಇಟ್ಟುಕೊಳ್ಳಿ. ಕಂಪನಿಯವರು ದೂರದಿಂದ ರಿಪೇರಿ ಮಾಡುತ್ತೇವೆ ಎಂದರೆ, ಕೇಳಿದಾಗ ಮಾತ್ರ ಸಂಪರ್ಕ ಕೊಡಿ, ಕೆಲಸ ಮುಗಿದ ಮೇಲೆ ತೆಗೆಯಿರಿ.

ಸಹಿ ಹಾಕುವ ಮುನ್ನ ಕೇಳಬೇಕಾದದ್ದು

ಮಾಲೀಕ ಸದಸ್ಯರು ಈ ಕೆಳಗಿನವನ್ನು ಮುದ್ರಿಸಿ ಇಟ್ಟುಕೊಳ್ಳಬಹುದು.

1. ಇಂಟರ್‌ನೆಟ್ ಹೋದರೆ ಮಿಲ್ಲು ನಡೆಯುತ್ತದೆಯೇ? ಆ ಹೊತ್ತಿನ ಅಳತೆಗಳು ಗೇಟ್‌ವೇಯಲ್ಲಿ ಉಳಿದು, ಸಂಪರ್ಕ ಬಂದ ಮೇಲೆ ಹೋಗುತ್ತವೆಯೇ?

2. ಕರೆಂಟು ಹೋದರೆ ಗೇಟ್‌ವೇ ಎಷ್ಟು ಹೊತ್ತು ಬ್ಯಾಟರಿಯಲ್ಲಿ ಇರುತ್ತದೆ?

3. ವಾರ್ಷಿಕ ಶುಲ್ಕ ಎಷ್ಟು? ಕಟ್ಟದಿದ್ದರೆ ಏನು ನಿಲ್ಲುತ್ತದೆ, ಪರದೆಯೋ ಯಂತ್ರವೋ?

4. ಅಳತೆಗಳು ಯಾರ ಆಸ್ತಿ? ಬೇರೆ ಕಂಪನಿಗೆ ಹೋಗಬೇಕಾದರೆ ನಮ್ಮ ದಾಖಲೆ ನಮಗೆ ಕೊಡುತ್ತೀರಾ?

5. ಮಾಡ್‌ಬಸ್, ಎಂಕ್ಯೂಟಿಟಿಯಂಥ ಎಲ್ಲರೂ ಬಳಸುವ ಪದ್ಧತಿಯೋ, ನಿಮ್ಮ ಕಂಪನಿಯದ್ದೇ ಗುಟ್ಟಿನ ಪದ್ಧತಿಯೋ?

6. ಪರದೆ ಮತ್ತು ಎಚ್ಚರಿಕೆಗಳು ನಮ್ಮ ಕೆಲಸಗಾರರ ಭಾಷೆಯಲ್ಲಿ ಬರುತ್ತವೆಯೇ?

7. ರಿಪೇರಿಗೆ ಯಾರು, ಎಲ್ಲಿಂದ ಬರುತ್ತಾರೆ?

ಮೂರು ಮತ್ತು ನಾಲ್ಕನೆಯ ಪ್ರಶ್ನೆ ಅತಿಯಾಯಿತು ಎನ್ನಿಸಬಹುದು. ಗೂಗಲ್‌ನಂಥ ಕಂಪನಿಯೇ ತನ್ನ ‘ಐಒಟಿ ಕೋರ್’ ಸೇವೆಯನ್ನು 2023ರ ಆಗಸ್ಟ್‌ನಲ್ಲಿ ಮುಚ್ಚಿತು. ನಂಬಿದವರು ಬೇರೆ ದಾರಿ ನೋಡಿಕೊಳ್ಳಬೇಕಾಯಿತು. ಹಾಗಿರುವಾಗ ಸಣ್ಣ ಕಂಪನಿಗಳ ಬಗ್ಗೆ ಕೇಳಿಕೊಳ್ಳುವುದು ತಪ್ಪಲ್ಲ. ಎಲ್ಲ ಜಿನ್ನುಗಳಿಗೂ ಒಮ್ಮೆಗೇ ಹಾಕದೆ, ಎರಡು ಜಿನ್ನಿಗೆ ಒಂದು ಸುಗ್ಗಿ ನೋಡಿ ಮುಂದುವರಿಯುವುದು ಒಳ್ಳೆಯದು.

ಕೆಲಸದ ಪ್ರಶ್ನೆ

ಇದರಿಂದ ಯಾರ ಕೆಲಸವೂ ಹೋಗುವುದಿಲ್ಲ ಎಂದರೆ ಸುಳ್ಳಾಗುತ್ತದೆ. ಗಂಟೆಗೊಮ್ಮೆ ಮೀಟರ್ ನೋಡಿ ಬರೆಯುವ ಕೆಲಸ ಕಡಿಮೆಯಾಗುತ್ತದೆ. ಆದರೆ ಸೆನ್ಸರ್ ಕೂರಿಸುವ, ಧೂಳು ಒರೆಸಿ ಸರಿನೋಡುವ, ತಂತಿ ಹುಡುಕುವ, ಅಳತೆ ನೋಡಿ ಬೇರಿಂಗ್ ಬದಲಿಸುವ ಕೆಲಸ ಹೆಚ್ಚಾಗುತ್ತದೆ. ಹತ್ತಿಯ ಧೂಳಿನಲ್ಲಿ ಸೆನ್ಸರನ್ನು ನೋಡಿಕೊಳ್ಳಲು ಬೆಂಗಳೂರಿನಿಂದ ದಿನವೂ ಯಾರೂ ಬರಲಾರರು. ಊರಿನವರೇ ಬೇಕು.

ಎಲೆಕ್ಟ್ರಿಷಿಯನ್, ಫಿಟ್ಟರ್, ಇನ್‌ಸ್ಟ್ರುಮೆಂಟ್ ಮೆಕ್ಯಾನಿಕ್ ಕಲಿಯುತ್ತಿರುವ ನಮ್ಮ ಮಕ್ಕಳು ಮೂಲ ವಿದ್ಯೆ ಬಿಡದೆ ಇದನ್ನೂ ಸೇರಿಸಿಕೊಳ್ಳಲಿ. ಮೋಟಾರ್ ತಿಳಿಯದವನಿಗೆ ಮೋಟಾರಿನ ಅಳತೆ ತಿಳಿಯುವುದಿಲ್ಲ. ಕೇಂದ್ರದ ಭಾರೀ ಕೈಗಾರಿಕಾ ಸಚಿವಾಲಯ ‘ಸಮರ್ಥ್ ಉದ್ಯೋಗ್ ಭಾರತ್ 4.0’ ಯೋಜನೆಯಡಿ ಬೆಂಗಳೂರಿನಲ್ಲೇ ಎರಡು ಕೇಂದ್ರಗಳಿಗೆ ನೆರವು ನೀಡಿದೆ. ಒಂದು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಇನ್ನೊಂದು ತುಮಕೂರು ರಸ್ತೆಯ ಕೇಂದ್ರೀಯ ಉತ್ಪಾದನಾ ತಂತ್ರಜ್ಞಾನ ಸಂಸ್ಥೆ, ಅಂದರೆ ಸಿಎಂಟಿಐಯಲ್ಲಿ. ಸಣ್ಣ ಉದ್ಯಮದವರಿಗೆ ಈ ತಂತ್ರಜ್ಞಾನ ತೋರಿಸಿ ತಿಳಿಸುವುದು ಇವುಗಳ ಉದ್ದೇಶಗಳಲ್ಲೊಂದು.

ಮಾಲೀಕರಲ್ಲಿ ಒಂದು ವಿನಂತಿ. ಅಳತೆಗಳನ್ನು ಯಂತ್ರ ನೋಡಿಕೊಳ್ಳಲು ಬಳಸಿ, ಕೆಲಸಗಾರ ಎಷ್ಟು ಸಲ ಬೀಡಿ ಸೇದಲು ಹೋದ ಎಂದು ಎಣಿಸಲು ಅಲ್ಲ. ತನ್ನ ಮೇಲೆ ಗೂಢಚಾರಿಕೆ ನಡೆಯುತ್ತಿದೆ ಎಂದು ಅನ್ನಿಸಿದ ದಿನ ಕೆಲಸಗಾರ ಸೆನ್ಸರಿನ ಮೇಲೆ ಗೋಣಿಚೀಲ ಹಾಕುತ್ತಾನೆ. ಆಮೇಲೆ ಎಷ್ಟು ದುಡ್ಡು ಹಾಕಿದರೂ ಕಣ್ಣು ಕಾಣುವುದಿಲ್ಲ.

ಮಿಲ್ಲುಗಳಲ್ಲಿ ದುಡಿಯುವ ಸದಸ್ಯರಲ್ಲಿ ಒಂದು ಕೋರಿಕೆ. ನಿಮ್ಮ ಯಂತ್ರದ ಭಾಗಗಳಿಗೆ, ಅದರ ಕಾಯಿಲೆಗಳಿಗೆ ನೀವು ಬಳಸುವ ಕನ್ನಡ, ತೆಲುಗು ಮಾತುಗಳನ್ನು ಬರೆದು ಸಂಘಕ್ಕೆ ಕಳಿಸಿ. ಪುಸ್ತಕದ ಪದ ಬೇಡ, ಬಾಯಲ್ಲಿ ಬರುವ ಪದವೇ ಬೇಕು. ಅವನ್ನು ಒಟ್ಟುಮಾಡಿ ಎಚ್ಚರಿಕೆಯ ಮಾತುಗಳ ಒಂದು ಪಟ್ಟಿ ಮಾಡಿದರೆ, ಯಾವ ಮಿಲ್ಲಿನವರು ಬೇಕಾದರೂ ತಮ್ಮ ಪರದೆಗೆ ಹಾಕಿಕೊಳ್ಳಬಹುದು. ಮುಂದಿನ ಮಾಸಿಕ ಸಭೆಯಲ್ಲಿ ಈ ವಿಷಯಕ್ಕೆ ಸ್ವಲ್ಪ ಹೊತ್ತು ಇಟ್ಟುಕೊಳ್ಳೋಣ. ಫಿಟ್ಟರ್, ಎಲೆಕ್ಟ್ರಿಷಿಯನ್ ಸದಸ್ಯರು ತಪ್ಪದೆ ಬರಬೇಕಾಗಿ ವಿನಂತಿ.

– ಕಾರ್ಯದರ್ಶಿ, ಆಸ್ಪರಿ